ಮೂರನೇ ಮೆಷೀನಿನ ಮುಂದೆ ಕೂತವರು

“ಬಂತಾ ಮಾಮ? ಹೆಸರು ಬಂತಾ?”

“ತಾಳಮ್ಮ. ಡಿಸ್ಕ್ ಇನ್ನೂ ಮೈ ಮುರೀತಾ ಇದೆ.”

ಹನ್ನೊಂದು ವರ್ಷ ರಟ್ಟಿನ ಪೆಟ್ಟಿಗೆಯಲ್ಲಿ ಬಿದ್ದಿದ್ದ ಹಾರ್ಡ್ ಡಿಸ್ಕ್ ಅದು. ಕರೆಂಟ್ ಕೊಟ್ಟ ಕೂಡಲೇ ಕಿರ್ರೆಂದಿತು, ಎರಡು ಸಲ ಟಕ್ ಟಕ್ ಎಂದಿತು, ಆಮೇಲೆ ಸುಮ್ಮನಾಯಿತು. ಸತ್ತ ಡಿಸ್ಕುಗಳಿಂದ ಕಡತ ಎತ್ತಿಕೊಡುವುದು, ತಿದ್ದಿದ ದಾಖಲೆಗಳನ್ನು ಹಿಡಿದುಕೊಡುವುದು ನನ್ನ ಹೊಟ್ಟೆಪಾಡು. ಅದಕ್ಕೇ ಈ ಬೀದಿಯವರು ನನ್ನನ್ನು ಪತ್ತೇದಾರ ಎಂದು ಅರ್ಧ ತಮಾಷೆಗೆ, ಅರ್ಧ ಮರ್ಯಾದೆಗೆ ಕರೆಯುತ್ತಾರೆ. ಎಷ್ಟೋ ಜನರ ಗುಟ್ಟು ನನ್ನ ಮೇಜಿನ ಮೇಲೆ ಬಿಚ್ಚಿಕೊಂಡಿದೆ. ಆದರೆ ಇದು ನನ್ನದೇ ಡಿಸ್ಕ್.

ಹನ್ನೆರಡು ದಿನದ ಹಿಂದೆ ಒಂದು ಸಣ್ಣ ಆಸ್ಪತ್ರೆಯಲ್ಲಿ ಒಂಬತ್ತು ತಿಂಗಳ ಮಗುವಿಗೆ ಡ್ರಿಪ್ ಮೂರು ಪಟ್ಟು ಹೋಗಿತ್ತು. ಹನಿಯ ಲೆಕ್ಕ ಹೇಳಿದ್ದು ನಾವು ನಾಲ್ಕೈದು ಜನ ಸೇರಿ ಬರೆದು ಪುಕ್ಕಟೆ ಹಂಚಿದ್ದ ಪ್ರೋಗ್ರಾಂ. ತಪ್ಪಿದ ಸಾಲಿನ ಪಕ್ಕದಲ್ಲಿ ಇದ್ದದ್ದು ನಮ್ಮ ಜೊತೆ ಬರೆಯುತ್ತಿದ್ದ ಮೇಷ್ಟ್ರ ಹೆಸರು.

ಮಗು ಇನ್ನೂ ಯಂತ್ರದ ಉಸಿರಿನಲ್ಲಿತ್ತು. ವಿಚಾರಣಾ ಸಮಿತಿ ಇವತ್ತು ಸಂಜೆ ನಾಲ್ಕಕ್ಕೆ ವರದಿ ಮುಚ್ಚುತ್ತದೆ. ನಾಲ್ಕರ ಹೊತ್ತಿಗೆ ವರದಿಯಲ್ಲಿ ಯಾರ ಹೆಸರಿರುತ್ತದೋ ನಾಳೆ ಅದೇ ಪತ್ರಿಕೆಗೆ ಹೋಗುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿ, ನಿವೃತ್ತರಾದ ಮೇಲೂ ಓಣಿಯ ಮಕ್ಕಳ ನೋಟ್‌ಬುಕ್ ತಿದ್ದಿಕೊಂಡು ಕೂತಿರುವ ಮುದುಕ ನಾಳೆಯಿಂದ ಮಗುವಿಗೆ ಕೇಡು ಮಾಡಿದವನು.

ನನ್ನ ಪಕ್ಕದ ಸ್ಟೂಲಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದವಳು ಮೇಷ್ಟ್ರ ಮಗಳು. ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್. ಮೂವತ್ತು ದಾಟಿದರೂ ಮನೆಯಲ್ಲಿ ಪುಟ್ಟಿ, ಹಾಗಾಗಿ ನನಗೂ ಪುಟ್ಟಿ. ಬೆಳಗ್ಗೆ ಹತ್ತಕ್ಕೇ ಅಂಗಡಿಯ ಶಟರ್ ಬಡಿದು ಎಬ್ಬಿಸಿದ್ದಳು. ಎಬ್ಬಿಸಿದ್ದಳು ಎಂದರೆ, ನಾನು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ.

ಪರದೆಯ ಮೇಲೆ ಹಳೆ ಫೋಲ್ಡರುಗಳು ಒಂದೊಂದಾಗಿ ಕಣ್ಣು ಬಿಟ್ಟವು.

“ಇದು ಗಿಟ್‌ಗೆ ಹೋಗೋಕೆ ಮುಂಚಿನದು,” ಎಂದೆ. “ಯಾರು, ಯಾವತ್ತು, ಯಾವ ಸಾಲು ಬರೆದ್ರು ಅಂತ ನೆನಪಿಟ್ಟುಕೊಳ್ಳೋ ವ್ಯವಸ್ಥೆ ಆವಾಗ ಬೇರೆ ಇತ್ತು. ಹಳೇದು, ಮೆಲ್ಲಗೆ ನಡೆಯೋದು. ಪ್ರಪಂಚವೆಲ್ಲ ಗಿಟ್‌ಗೆ ಹೋಗ್ತಿತ್ತು, ನಾವೂ ಹೋಗೋಣ ಅಂತ ನಾನೇ ಕುಣಿದೆ. ಇಡೀ ಚರಿತ್ರೆಯನ್ನ ಹಳೇದರಿಂದ ಹೊಸದಕ್ಕೆ ಸಾಗಿಸಿದ್ದೂ ನಾನೇ.”

“ಸಮಿತಿಯವ್ರು ನೋಡಿದ್ದು ಹೊಸದನ್ನ ಮಾತ್ರ?”

“ಹೊಸದನ್ನ ಮಾತ್ರ. ಒಂದು ಸಾಲು ತೋರಿಸಿ ಇದು ಯಾರದು ಅಂತ ಕೇಳೋಕೆ ಅದರಲ್ಲಿ ಒಂದು ಆಜ್ಞೆ ಇದೆ. ಬ್ಲೇಮ್ ಅಂತ.”

“ಹೆಸರೇ ಹಾಗಿಟ್ಟಿದ್ದಾರಾ? ತಪ್ಪು ಹೊರಿಸು ಅಂತ?”

“ತಮಾಷೆಗೆ ಇಟ್ಟಿದ್ದು ಕಣಮ್ಮ.”

ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ.

ಹನಿ ಲೆಕ್ಕದ ಕಡತ ಸಿಕ್ಕಿತು. ಆ ಸಾಲಿನ ತನಕ ಇಳಿದೆ. ಪುಟ್ಟಿ ಥಟ್ಟನೆ ಮುಖ ಆಚೆ ತಿರುಗಿಸಿಕೊಂಡಳು.

“ಆ ಸಾಲನ್ನ ನಾನು ನೋಡಲ್ಲ ಮಾಮ. ಇಷ್ಟು ದಿನ ನೋಡಿಲ್ಲ. ನೋಡಿದ್ರೆ ಅಪ್ಪನ ಮೇಲೆ ಸಿಟ್ಟು ಬಂದುಬಿಡುತ್ತೆ. ದಿನಾ ಅಂಥಾ ಮಕ್ಕಳಿಗೇ ನಾನು ಡ್ರಿಪ್ ಹಾಕೋದು. ನೀವು ಹೆಸರು ಮಾತ್ರ ಹೇಳಿ.”

ಹೆಸರು ನೋಡಿದೆ. ಹೊಸ ಚರಿತ್ರೆಯಲ್ಲಿ ಮೇಷ್ಟ್ರ ಪೂರ್ತಿ ಹೆಸರು, ಇಮೇಲ್ ಇದ್ದ ಜಾಗದಲ್ಲಿ ಹಳೆಯದರಲ್ಲಿ ಒಂದು ಲಾಗಿನ್ ಮಾತ್ರ ಇತ್ತು. ‘ಮೆಷೀನ್ ಮೂರು’. ಫೆಬ್ರವರಿ ಹದಿನಾರು, ಮಧ್ಯಾಹ್ನ ಮೂರು ನಲವತ್ತು.

ಗೊತ್ತಿದ್ದ ವಿಷಯವೇ. ಆದರೂ ಕಣ್ಣಾರೆ ನೋಡುವುದು ಬೇರೆ.

“ಯಾರು ಮಾಮ ಈ ಮೆಷೀನ್ ಮೂರು?”

“ಯಾರೂ ಅಲ್ಲ. ಅದೊಂದು ಕಂಪ್ಯೂಟರ್. ನಮ್ಮ ಹಳೆ ರೂಮಿನಲ್ಲಿ ನಾಲ್ಕಿದ್ದವು. ಎಲ್ಲರಿಗೂ ಅವರವರ ಲಾಗಿನ್ ಇತ್ತು. ಆದರೆ ಮೂರನೇದು ಯಾವಾಗಲೂ ತೆರೆದೇ ಇರುತ್ತಿತ್ತು, ಬಂದವರು ಹೋದವರು ಕೂತು ಬರೆಯಲಿ ಅಂತ.”

“ಮತ್ತೆ ಅಪ್ಪನ ಹೆಸರು ಎಲ್ಲಿಂದ ಬಂತು?”

ಈ ಪ್ರಶ್ನೆಯಿಂದ ಹನ್ನೆರಡು ದಿನ ತಪ್ಪಿಸಿಕೊಂಡು ತಿರುಗುತ್ತಿದ್ದೆ. ಇನ್ನು ಜಾಗ ಇರಲಿಲ್ಲ.

“ನಾನು ಹಾಕಿದ್ದು,” ಎಂದೆ.

ಹೇಳಿದೆ, ಎಲ್ಲ. ಹೊಸ ವ್ಯವಸ್ಥೆಗೆ ಲಾಗಿನ್ ಸಾಲದು, ಮನುಷ್ಯರ ಹೆಸರು ಬೇಕು. ಇಂಥ ಲಾಗಿನ್ ಅಂದರೆ ಇಂಥವರು ಎಂದು ಒಂದು ಪಟ್ಟಿ ಬರೆದುಕೊಡಬೇಕು. ನಾನು ಬಳಸಿದ ಪ್ರೋಗ್ರಾಂ ಪಟ್ಟಿಯಲ್ಲಿಲ್ಲದ ಲಾಗಿನ್ ಕಂಡ ಕಡೆಯೆಲ್ಲ ನಿಂತುಬಿಡುತ್ತಿತ್ತು. ಬೆಳಗ್ಗೆಯಿಂದ ಎಂಟು ಸಲ ನಿಂತಿತ್ತು. ಸಂಜೆ ಆರಕ್ಕೆ ಮುಗಿಸುತ್ತೇನೆಂದು ಎಲ್ಲರಿಗೂ ಕೊಚ್ಚಿಕೊಂಡಿದ್ದೆ. ಒಂಬತ್ತನೇ ಸಲ ಮೆಷೀನ್ ಮೂರರ ಹತ್ತಿರ ನಿಂತಾಗ ತಲೆ ಕೆಟ್ಟುಹೋಯಿತು. ಆ ಕುರ್ಚಿಯಲ್ಲಿ ಹೆಚ್ಚಾಗಿ ಕೂರುತ್ತಿದ್ದವರು ಮೇಷ್ಟ್ರು. ಅವರ ಹೆಸರು ಬರೆದು ಗುಂಡಿ ಒತ್ತಿದೆ. ಪ್ರೋಗ್ರಾಂ ಸರಾಗವಾಗಿ ಓಡಿತು.

“ಅಪ್ಪನ್ನ ಒಂದು ಮಾತು ಕೇಳಲಿಲ್ವಾ?”

“ಇಲ್ಲ.”

“ಯಾಕೆ?”

“ಮೇಷ್ಟ್ರಲ್ವಾ, ಏನೂ ಅನ್ನಲ್ಲ ಅಂತ.”

ಪುಟ್ಟಿ ಸ್ಟೂಲಿನಿಂದ ಇಳಿದು ನಿಂತಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಕೈಚೀಲದಿಂದ ನಾಲ್ಕು ಮಡಿಕೆಯ ಒಂದು ಹಳದಿ ಕಾಗದ ತೆಗೆದು, ಕೀಲಿಮಣೆಯ ಮೇಲೆ ಬಿಚ್ಚಿಟ್ಟಳು.

“ಅಪ್ಪ ಯಾರಿಗೂ ಏನೂ ಅನ್ನಲ್ಲ, ನಿಜ. ಆದ್ರೆ ಇದು ಅನ್ನುತ್ತೆ, ನೋಡಿ.”

ಕಣ್ಣಿನ ಆಸ್ಪತ್ರೆಯ ಬಿಡುಗಡೆ ಚೀಟಿ. ಎಡಗಣ್ಣಿನ ರೆಟಿನಾ ಕಳಚಿದ್ದಕ್ಕೆ ಆಪರೇಷನ್. ದಾಖಲಾದದ್ದು ಫೆಬ್ರವರಿ ಹನ್ನೊಂದು. ಬಿಡುಗಡೆ ಹತ್ತೊಂಬತ್ತು. ಕೆಳಗೆ ವೈದ್ಯರ ಕೈಬರಹ: ಹಗಲೂ ರಾತ್ರಿ ಮುಖ ಕೆಳಗೆ ಮಾಡಿ ಮಲಗಿರತಕ್ಕದ್ದು.

“ಎಂಟು ದಿನ ಬೋರಲು ಮಲಗಿದ್ರು ಮಾಮ. ಊಟ ಕೂಡ ತಲೆ ತಗ್ಗಿಸಿಯೇ. ಹಗಲು ನನಗೆ ಕಾಲೇಜು, ಸಂಜೆ ಅಪ್ಪನ ಮಂಚದ ಪಕ್ಕ. ಫೆಬ್ರವರಿ ಹದಿನಾರಕ್ಕೆ ಅವ್ರು ನಿಮ್ಮ ಮೆಷೀನ್ ಮುಂದೆ ಹೇಗೆ ಕೂರ್ತಾರೆ?”

ಎದ್ದು ಅವಳ ತಲೆ ಸವರಿದೆ. ಅದಕ್ಕಿಂತ ಹೆಚ್ಚು ಮಾಡಲು ನನಗೆ ಬರುವುದಿಲ್ಲ. ಅವಳಿಗೆ ಅಷ್ಟಕ್ಕೇ ಅಳು ಬಂತು, ಅಳುತ್ತಲೇ ನಕ್ಕಳು.

“ಇದು ಮೊದಲೇ ಯಾಕೆ ತರಲಿಲ್ಲ?”

“ಸಿಕ್ಕಿದ್ದೇ ನಿನ್ನೆ. ಹಳೆ ನಿಘಂಟಿನ ರಟ್ಟಿನ ಒಳಗೆ ಇತ್ತು, ಬೈಂಡಿನ ಸಂದೀಲಿ. ಅಪ್ಪನಿಗೆ ಎಲ್ಲಾದರೂ ಇಟ್ಟು ಮರೆಯೋ ಚಾಳಿ.”

ನಾನೊಂದು ಹೇಳಿಕೆ ಬರೆದುಕೊಟ್ಟೆ. ಈ ಹೆಸರು ದಾಖಲೆಯಲ್ಲಿ ಇರಲಿಲ್ಲ, ಸಾಗಿಸುವಾಗ ನಾನು ಊಹೆಯಿಂದ ಹಾಕಿದ್ದು, ತಪ್ಪು ನನ್ನದು. ಕೆಳಗೆ ಸಹಿ. ಹಳೆ ಚರಿತ್ರೆಯ ಆ ಪುಟದ ಪ್ರಿಂಟ್ ತೆಗೆದು ಲಗತ್ತಿಸಿದೆ. ಪುಟ್ಟಿ ಮೂರನ್ನೂ ಜೋಪಾನವಾಗಿ ಚೀಲಕ್ಕೆ ಸೇರಿಸಿ, ಸಮಿತಿಯ ಆಫೀಸಿಗೆ ಕಾಲು ಕಿತ್ತಳು. ಹನ್ನೆರಡೂವರೆ ಆಗಿತ್ತು.

ಅಂಗಡಿ ಸದ್ದಿಲ್ಲದಂತಾಯಿತು. ಗೆದ್ದ ಖುಷಿ ಇರಬೇಕಿತ್ತು. ಇರಲಿಲ್ಲ. ನನ್ನ ಕಸುಬಿನ ಚಟ, ಒಂದು ಎಳೆ ಸುಮ್ಮನೆ ನೇತಾಡುತ್ತಿದ್ದರೆ ಕೈ ಅಲ್ಲಿಗೇ ಹೋಗುತ್ತದೆ.

ಮೇಷ್ಟ್ರು ಎಲ್ಲಾದರೂ ಇಟ್ಟು ಮರೆಯುವ ಜಾತಿಯಲ್ಲ. ಇಪ್ಪತ್ತು ವರ್ಷದಿಂದ ಬಲ್ಲೆ. ಸೀಮೆಸುಣ್ಣದ ತುಂಡನ್ನೂ ಎಣಿಸಿಡುವ ಮನುಷ್ಯ. ಬೈಂಡಿನ ಸಂದಿಗೆ ಕಾಗದ ತಾನಾಗಿ ಹೋಗುವುದಿಲ್ಲ, ಯಾರಾದರೂ ತುರುಕಬೇಕು.

ಹನ್ನೆರಡು ದಿನದಲ್ಲಿ ನಾನು ಅವರನ್ನು ಮೂರು ಸಲ ಕೇಳಿದ್ದೆ, ಆ ಸಾಲು ನಿಮ್ಮದೇನಾ ಮೇಷ್ಟ್ರೇ ಎಂದು. ಮೂರು ಸಲವೂ, “ನನ್ನ ಹೆಸರು ಇದೆಯಲ್ಲಪ್ಪ, ನಂದೇ ಇರಬೇಕು,” ಎಂದಿದ್ದರು. ತನ್ನನ್ನು ಬಿಡಿಸುವ ಕಾಗದವನ್ನು ಬಚ್ಚಿಟ್ಟು ಕೂರುವ ಆರೋಪಿಯನ್ನು ನಾನು ಈವರೆಗೆ ಕಂಡಿರಲಿಲ್ಲ.

ಆ ಸಾಲನ್ನು ಮತ್ತೆ ಓದಿದೆ. ಅದರ ಪಕ್ಕದಲ್ಲೊಂದು ಟಿಪ್ಪಣಿ ಇತ್ತು: ‘ಹತ್ತು ಕಿಲೋ ಒಳಗಿನ ಪೇಷಂಟ್‌ಗೆ ಯಾವಾಗಲೂ ಸಣ್ಣ ಹನಿ ಸೆಟ್.’

ಹನ್ನೆರಡು ದಿನದಿಂದ ಓದುತ್ತಿದ್ದೆ. ಮೇಷ್ಟ್ರದ್ದು ಎಂದುಕೊಂಡು ಓದುತ್ತಿದ್ದೆ, ಅದಕ್ಕೇ ಏನೂ ಕಾಣಿಸಿರಲಿಲ್ಲ.

ಡ್ರಿಪ್ ಸೆಟ್ಟಿನಲ್ಲಿ ಎರಡು ಬಗೆ. ದೊಡ್ಡದರಲ್ಲಿ ಇಪ್ಪತ್ತು ಹನಿ ಬಿದ್ದರೆ ಒಂದು ಎಂ.ಎಲ್., ಸಣ್ಣದರಲ್ಲಿ ಅರವತ್ತು ಬೀಳಬೇಕು. ಮಕ್ಕಳಿಗೆ ಸಣ್ಣದೇ ವಾಡಿಕೆ. ಆದರೆ ಆ ಆಸ್ಪತ್ರೆಯಲ್ಲಿ ಆವತ್ತು ಸಣ್ಣ ಸೆಟ್ ಮುಗಿದಿತ್ತು. ಅಲ್ಲಿನ ನರ್ಸ್ ದೊಡ್ಡ ಸೆಟ್ ಎಂದು ಸರಿಯಾಗಿಯೇ ಆರಿಸಿದ್ದಳು. ಈ ಸಾಲು ಅವಳ ಆಯ್ಕೆಯನ್ನು ಪಕ್ಕಕ್ಕೆ ತಳ್ಳಿ, ಮಗು ಎಂದರೆ ಸಣ್ಣ ಸೆಟ್ಟೇ ಎಂದು ಅರವತ್ತರ ಲೆಕ್ಕ ಕೊಟ್ಟಿತು. ಮೂರು ಪಟ್ಟು.

ಇದು ಗಣಿತದ ತಪ್ಪಲ್ಲ. ಮೇಷ್ಟ್ರಾಗಲಿ, ನಾನಾಗಲಿ, ನಮ್ಮ ರೂಮಿನ ಇನ್ಯಾರೇ ಆಗಲಿ ಈ ತಪ್ಪು ಮಾಡುವಷ್ಟು ತಿಳಿದವರಾಗಿರಲಿಲ್ಲ. ಒಳ್ಳೆಯ ವಾರ್ಡಿನಲ್ಲಿ ಕೆಲಸ ಕಲಿತು, ಸಣ್ಣ ಸೆಟ್ ಮುಗಿದುಹೋಗುವುದೂ ಉಂಟು ಎಂದು ಗೊತ್ತಿಲ್ಲದವರ ತಪ್ಪು ಇದು. ಆ ‘ಯಾವಾಗಲೂ’ ಎಂಬುದರಲ್ಲಿ ಹೊಸದಾಗಿ ಪಾಠ ಕಲಿತವರ ಹುರುಪಿತ್ತು.

ತಿಳಿನೀಲಿ ಸಮವಸ್ತ್ರದ ಹುಡುಗಿಗೆ ನಾನೇ ಒಂದು ಮಧ್ಯಾಹ್ನ ಕುರ್ಚಿ ಎಳೆದುಕೊಟ್ಟಿದ್ದೆ. ಕಿಟಕಿಯ ಪಕ್ಕದ, ಮೆಷೀನ್ ಮೂರರ ಕುರ್ಚಿ. ಅಪ್ಪ ಹೇಗಿದ್ದಾರಮ್ಮ ಎಂದು ಕೇಳಿದ್ದೆ.

ಬೇಡವೆಂದು ಮನಸ್ಸು ಹೇಳುತ್ತಿತ್ತು. ಕೈ ಮಾತ್ರ ಮುಂದುವರಿಯಿತು.

ಆ ಹಳೆ ವ್ಯವಸ್ಥೆಯಲ್ಲಿ ಅಳಿಸಿದ ಕಡತ ನಿಜವಾಗಿ ಅಳಿದುಹೋಗುವುದಿಲ್ಲ. ಒಂದು ಮೂಲೆಯ ಫೋಲ್ಡರಿಗೆ ಸೇರುತ್ತದೆ. ಮಾಡಿದವರೇ ಅದನ್ನು ಅಟ್ಟ ಎಂದು ಕರೆದಿದ್ದರು. ಚರಿತ್ರೆ ಸಾಗಿಸುವಾಗ ಆ ಅಟ್ಟವನ್ನು ಬಿಟ್ಟುಬಿಡು ಎಂದು ನಾನು ಪ್ರೋಗ್ರಾಮಿಗೆ ಹೇಳಿದ್ದೆ. ಬೇಡದ ಭಾರ ಯಾಕೆ ಎಂದು. ಹಾಗಾಗಿ ಅಟ್ಟದಲ್ಲಿ ಏನಿತ್ತೆಂಬುದು ಹೊಸ ಚರಿತ್ರೆಗೆ ಗೊತ್ತೇ ಇಲ್ಲ. ಈ ಡಿಸ್ಕಿಗೆ ಮಾತ್ರ ಗೊತ್ತು.

ತೆರೆದೆ. ಮೂವತ್ತೊಂದು ಕಡತ. ಇಪ್ಪತ್ತೆಂಟನೆಯದು ಮೇಷ್ಟ್ರು ಬರೆದ ಒಂದು ಟೆಸ್ಟ್.

ಟೆಸ್ಟ್ ಎಂದರೆ ಕಾವಲು. ಪ್ರೋಗ್ರಾಂ ಇಂಥ ಪ್ರಶ್ನೆಗೆ ಇಂಥ ಉತ್ತರ ಕೊಡಲೇಬೇಕು ಎಂದು ಬರೆದಿಡುವುದು. ಕೊಡದಿದ್ದರೆ ಕೆಂಪು ಅಕ್ಷರದಲ್ಲಿ ಕೂಗಿಕೊಳ್ಳುತ್ತದೆ. ಮೇಷ್ಟ್ರು ಬರೆದದ್ದು ಮಾರ್ಚ್ ನಾಲ್ಕಕ್ಕೆ, ಸಾಗಾಟಕ್ಕೆಂದು ನಾನು ಮೂಲ ಕಡತಗಳಿಗೆ ಬೀಗ ಹಾಕಿದ್ದ ದಿನಗಳಲ್ಲಿ. ಎಂಟು ಕಿಲೋ ತೂಕದ ಮಗು, ದೊಡ್ಡ ಸೆಟ್, ಉತ್ತರ ಇಷ್ಟು ಬರಬೇಕು. ಬರುತ್ತಿರಲಿಲ್ಲ. ಟೆಸ್ಟ್ ಕೂಗುತ್ತಿತ್ತು. ಟಿಪ್ಪಣಿಯಲ್ಲಿ ಅವರು ಬರೆದಿದ್ದರು: ‘ದೊಡ್ಡ ಸೆಟ್ ಇದ್ದಾಗ ಲೆಕ್ಕ ತಪ್ಪುತ್ತಿದೆ. ಬೀಗ ತೆಗೆದ ಕೂಡಲೇ ದಯವಿಟ್ಟು ಸರಿಪಡಿಸಿ. ಬರೆದವರನ್ನು ಹುಡುಕಿ ಬೈಯುವುದು ಬೇಡ.’

ಐದು ದಿನದ ನಂತರ ಯಾರೋ ಆ ಟೆಸ್ಟನ್ನು ಅಳಿಸಿದ್ದರು. ಮಾರ್ಚ್ ಒಂಬತ್ತು. ಅಳಿಸಿದವರ ಟಿಪ್ಪಣಿಯಲ್ಲಿ ಮೂರೇ ಪದ: ‘ಅಡ್ಡಿ. ಆಮೇಲೆ ನೋಡೋಣ.’

ಅಳಿಸಿದವರ ಲಾಗಿನ್ ಓದಲು ನನಗೆ ಪಟ್ಟಿ ಬೇಕಿರಲಿಲ್ಲ. ಅದು ನನ್ನದು.

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಆಮೇಲೆ ಶಟರ್ ಎಳೆದು ಮೇಷ್ಟ್ರ ಮನೆಯ ಕಡೆ ನಡೆದೆ. ಇಪ್ಪತ್ತು ವರ್ಷದ ಸಲಿಗೆಯಲ್ಲಿ ಆ ಮೆಟ್ಟಿಲುಗಳನ್ನು ನಾನು ಅಷ್ಟು ನಿಧಾನವಾಗಿ ಹತ್ತಿದ್ದು ಇದೇ ಮೊದಲು.

ಮುಂಬಾಗಿಲು ತೆರೆದೇ ಇತ್ತು. ಮೇಷ್ಟ್ರು ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು, ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಕೆಂಪು ಪೆನ್ನು ಹಿಡಿದು ನೋಟ್‌ಬುಕ್ ತಿದ್ದುತ್ತಿದ್ದರು. ಗೋಡೆ ಗಡಿಯಾರದಲ್ಲಿ ಮೂರೂವರೆ.

“ಬಾರಯ್ಯ ಕಾವಲುಗಾರ. ಕೂತ್ಕೋ. ಈ ಹುಡುಗ ನೋಡು, ಉತ್ತರ ಸರಿ ಬರ್ದಿದ್ದಾನೆ, ದಾರಿ ಮಾತ್ರ ಪೂರ್ತಿ ತಪ್ಪು. ಅರ್ಧ ಮಾರ್ಕ್ಸ್ ಕೊಡ್ಲಾ?”

ಕಾವಲುಗಾರ ಎಂಬುದು ರೂಮಿನಲ್ಲಿ ನನ್ನ ಅಡ್ಡಹೆಸರು. ಕಡತಗಳಿಗೆ ಬೀಗ ಹಾಕುವವನು, ತೆಗೆಯುವವನು ನಾನೇ ಆಗಿದ್ದೆನಲ್ಲ.

“ಮೇಷ್ಟ್ರೇ, ಫೆಬ್ರವರಿ ಹದಿನಾರಕ್ಕೆ ನೀವು ಆಸ್ಪತ್ರೆಯಲ್ಲಿ ಬೋರಲು ಮಲಗಿದ್ರಿ.”

ಪೆನ್ನು ನಿಂತಿತು.

“ಯಾರು ಹೇಳಿದ್ದು?”

“ಚೀಟಿ. ನಿಘಂಟಿನ ರಟ್ಟಿನೊಳಗೆ ಇತ್ತಂತೆ.”

“ಅವಳ ಕೈಗೆ ಸಿಕ್ತಾ?” ಧ್ವನಿ ಸಣ್ಣದಾಯಿತು. “ಎಲ್ಲಿದ್ದಾಳೆ ಈಗ?”

“ಸಮಿತಿ ಆಫೀಸಲ್ಲಿ.”

ಅವರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. “ನೀನು ಹೋಗೋಕೆ ಬಿಟ್ಟೆಯಾ? ನಿನ್ನ ಬುದ್ಧಿ ಎಲ್ಲಿಟ್ಟಿದ್ದೀಯ? ಇದನ್ನ ಕೊಡೋಕೆ ನಾಲ್ಕರೊಳಗೆ ನಾನೇ ಹೋಗೋನಿದ್ದೆ!”

ನೋಟ್‌ಬುಕ್ಕುಗಳ ಅಡಿಯಿಂದ ಒಂದು ಕಾಗದ ಎಳೆದು ತೋರಿಸಿದರು. ಅವರ ದುಂಡು ಅಕ್ಷರ. ಸದರಿ ಸಾಲನ್ನು ಬರೆದವನು ನಾನೇ. ಕೆಳಗೆ ಸಹಿ ಕೂಡ ಆಗಿತ್ತು.

ಇಪ್ಪತ್ತು ವರ್ಷದಲ್ಲಿ ಮೇಷ್ಟ್ರು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಕುರ್ಚಿ ಎತ್ತಿ ಇಟ್ಟೆ. ಅವರು ಕೂರಲಿಲ್ಲ.

“ಪುಟ್ಟಿ ಅಲ್ವಾ ಮೇಷ್ಟ್ರೇ?” ಎಂದೆ.

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅದು ನಿಂತ ಮೇಲೆ ಮೇಷ್ಟ್ರು ಕೂತರು.

“ಎರಡನೇ ವರ್ಷದ ನರ್ಸಿಂಗ್ ಆವಾಗ. ನಾನು ಮಲಗಿದ್ದಲ್ಲೇ ಸೂತ್ರ ಹೇಳೋದು, ಅವಳು ಬರ್ಕೊಳ್ಳೋದು. ಮಾರನೇ ದಿನ ಕಾಲೇಜಿಂದ ಬರ್ತಾ ನಿಮ್ಮ ರೂಮಿಗೆ ಬಂದು ಟೈಪ್ ಮಾಡೋದು. ಬೀಗ ಹಾಕೋದರೊಳಗೆ ಮುಗಿಸಬೇಕು ಅಂತ ನನಗೇ ಅವಸರ. ಆ ಒಂದು ಸಾಲು ನಾನು ಹೇಳಿದ್ದಲ್ಲ. ತನ್ನ ವಾರ್ಡಲ್ಲಿ ಕಲಿತದ್ದನ್ನ ಸೇರಿಸಿದ್ದಾಳೆ. ಅಪ್ಪನಿಗೆ ಸಹಾಯ ಆಗ್ಲಿ ಅಂತ.”

“ಅವಳಿಗೆ ಗೊತ್ತಾ?”

“ಏನು ಗೊತ್ತಿರುತ್ತೆ? ಅಪ್ಪ ಹೇಳಿದ್ದನ್ನ ಎಂದೋ ಟೈಪ್ ಮಾಡಿದ್ದೆ ಅಂತಷ್ಟೇ ಅವಳ ನೆನಪು, ಯಾವ ಕಡತ, ಯಾವ ವಾರ ಅನ್ನೋದೆಲ್ಲ ಮರೆತಿದ್ದಾಳೆ. ಹನ್ನೊಂದು ವರ್ಷ ಆಯ್ತಲ್ಲ.” ಭೂತಗನ್ನಡಿಯನ್ನು ಅಂಗಿಯ ಅಂಚಿನಿಂದ ಒರೆಸತೊಡಗಿದರು. “ದಿನಕ್ಕೆ ಹತ್ತು ಮಕ್ಕಳಿಗೆ ಡ್ರಿಪ್ ಹಾಕ್ತಾಳೆ. ಇದು ಗೊತ್ತಾದ್ರೆ ನಾಳೆಯಿಂದ ಒಂದು ಮಗುವಿನ ಕೈ ಮುಟ್ಟಲ್ಲ ಅವಳು. ನನಗೆ ಗೊತ್ತು ನನ್ನ ಮಗಳು. ನನ್ನದೇನು, ಒಂದು ಕಣ್ಣು ಹೋಗಿದೆ, ಇನ್ನೊಂದು ಹೋಗ್ತಿದೆ. ಹೆಸರು ಹೋದ್ರೆ ಹೋಗ್ಲಿ.”

ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು.

“ಆದ್ರೆ ಒಂದು ಅರ್ಥ ಆಗ್ತಿಲ್ಲ ಕಣಯ್ಯ,” ಎಂದರು. “ಕಣ್ಣಿನ ಪಟ್ಟಿ ಬಿಚ್ಚಿ ಓದೋಕೆ ಬಿಟ್ಟ ದಿನವೇ ನಾನು ಆ ತಪ್ಪು ಕಂಡೆ. ನೀನು ಒಂದನೇ ತಾರೀಕಿಗೇ ಬೀಗ ಹಾಕಿದ್ದೆ. ಮೂಲ ಕಡತ ಮುಟ್ಟೋ ಹಾಗಿರಲಿಲ್ಲ, ಟೆಸ್ಟ್ ಬರೆಯೋಕೆ ಮಾತ್ರ ಹತ್ತು ದಿನ ಬಿಟ್ಟಿದ್ದೆ. ಸರಿ, ಟೆಸ್ಟ್ ಬರೆದೆ. ನಿನ್ನ ಹತ್ತಿರ ಬಂದು ಹೇಳಿದೆ. ಸಾಗಾಟ ಮುಗೀಲಿ ಮೇಷ್ಟ್ರೇ ಅಂದೆ ನೀನು. ಹತ್ತನೇ ತಾರೀಕು ಎಲ್ಲರಿಗೂ ಪತ್ರ ಹಾಕಿದೆಯಲ್ಲ, ಎಲ್ಲ ಟೆಸ್ಟೂ ಪಾಸು, ಸಾಗಾಟ ಸಂಪೂರ್ಣ ಅಂತ. ಸದ್ಯ, ಸರಿ ಮಾಡಿದ್ದಾರೆ ಅಂತ ಸಮಾಧಾನ ಆಯ್ತು. ಆಮೇಲೆ ಆ ಹೊಸ ವ್ಯವಸ್ಥೆ ನನಗೆ ಹತ್ತಲಿಲ್ಲ. ಕೀಲಿ ಬೇಕಂತೆ, ಎಂಥದೋ ಬೇಕಂತೆ. ಎರಡು ಸಲ ಪ್ರಯತ್ನಪಟ್ಟೆ, ಒಳಗೇ ಬಿಡಲಿಲ್ಲ. ಕೈಬಿಟ್ಟೆ. ಆ ಸಾಲನ್ನ ಸರಿ ಮಾಡಿದ ಮೇಲೆ ಮತ್ತೆ ಯಾರು ಕೆಡಿಸಿದ್ರು? ಹನ್ನೆರಡು ದಿನದಿಂದ ಅದನ್ನೇ ಯೋಚಿಸ್ತಿದ್ದೀನಿ.”

ಪತ್ತೇದಾರನಾಗಿ ನಾನು ಹಲವರಿಂದ ತಪ್ಪೊಪ್ಪಿಗೆ ಕೇಳಿದ್ದೇನೆ. ಹೇಳುವುದು ಹೇಗೆಂದು ಕಲಿತಿರಲಿಲ್ಲ.

“ಯಾರೂ ಸರಿ ಮಾಡಲಿಲ್ಲ ಮೇಷ್ಟ್ರೇ.”

“ಅಂದ್ರೆ? ಟೆಸ್ಟ್ ಪಾಸಾಯ್ತಲ್ಲ?”

“ನಿಮ್ಮ ಟೆಸ್ಟನ್ನ ನಾನು ಅಳಿಸಿದೆ. ಒಂಬತ್ತನೇ ತಾರೀಕು. ಎಲ್ಲ ಪಾಸಾದರೆ ಮಾತ್ರ ಸಾಗಿಸೋದು ಅಂತ ನಾನೇ ನಿಯಮ ಮಾಡಿದ್ದೆ. ನಿಮ್ಮದೊಂದೇ ಕೂಗ್ತಾ ಇತ್ತು.”

“ಓದದೆ?”

“ಓದದೆ. ಆಮೇಲೆ ನೋಡೋಣ ಅಂತ ಬರೆದೆ. ಆಮೇಲೆ ಮರೆತೆ. ಅಟ್ಟವನ್ನೂ ಅಲ್ಲೇ ಬಿಟ್ಟು ಬಂದೆ. ಅವಳ ತಪ್ಪು ಹದಿನಾರು ದಿನದಲ್ಲಿ ಮುಗಿದುಹೋಗಿತ್ತು ಮೇಷ್ಟ್ರೇ, ನೀವು ಹಿಡಿದಿದ್ರಿ. ಹನ್ನೊಂದು ವರ್ಷ ಬದುಕಿಸಿದ್ದು ನಾನು.”

ಮೇಷ್ಟ್ರು ನನ್ನನ್ನು ನೋಡಿದರು. ಬೈಗುಳವೂ ಇಲ್ಲ, ಕರುಣೆಯೂ ಇಲ್ಲ. ಉತ್ತರ ತಪ್ಪಿದ ಹುಡುಗನನ್ನು ನೋಡುವಂತೆ, ಎಲ್ಲಿ ತಪ್ಪಿತೆಂದು ಹುಡುಕುವ ನೋಟ. ನನಗೆ ಅಲ್ಲೇ ಕುಸಿದು ಅತ್ತುಬಿಡಬೇಕೆನಿಸಿತು. ಐವತ್ತೆರಡು ವರ್ಷದ ಗಂಡಸು, ಅತ್ತೂ ಬಿಟ್ಟೆ.

ಅವರು ಎದ್ದುಹೋಗಿ ಒಂದು ಲೋಟ ನೀರು ತಂದಿಟ್ಟರು. ನಾನು ಕುಡಿದು ಲೋಟ ಕೆಳಗಿಟ್ಟೆ.

“ಒಂದೈದು ನಿಮಿಷ ಓದಿದ್ರೆ ಸಾಕಿತ್ತು,” ಎಂದರು ಕೊನೆಗೆ. ಅಷ್ಟೇ.

“ನನ್ನ ಹೆಸರು ಕೊಡ್ತೀನಿ,” ಎಂದೆ. “ಸಾಲು ಬರೆದದ್ದೂ ನಾನೇ ಅಂತೀನಿ. ಆ ಕುರ್ಚಿಯಲ್ಲಿ ನಾನೂ ಕೂರ್ತಿದ್ದೆ. ಯಾರೂ ಇಲ್ಲ ಅನ್ನೋಕಾಗಲ್ಲ.”

“ಒಂದು ಸಲ ಆ ಸಾಲಿಗೆ ಸುಳ್ಳು ಹೆಸರು ಬರೆದದ್ದು ಸಾಲದಾ ನಿನಗೆ?”

“ನೀವೂ ಅದನ್ನೇ ಬರೆದಿದ್ದೀರಲ್ಲ!” ಆ ಕಾಗದ ತೋರಿಸಿದೆ.

“ನಾನು ಅವಳ ಅಪ್ಪ.”

ಅಳಿಸಿದ್ದಕ್ಕೆ ನನಗೆ ಶಿಕ್ಷೆ ಆಗಲಿ, ಆಗಲೇಬೇಕು. ಆದರೆ ಬರೆದವರು ಯಾರು ಎಂದು ಸಮಿತಿಯವರು ಕೇಳಿಯೇ ಕೇಳುತ್ತಾರೆ. ಗೊತ್ತಿಲ್ಲ ಎಂದರೆ ಹಳೆ ಡಿಸ್ಕ್ ಕೇಳುತ್ತಾರೆ, ಅಟ್ಟದ ಟಿಪ್ಪಣಿ ಓದುತ್ತಾರೆ. ಬರೆದವರನ್ನು ಬೈಯಬೇಡಿ ಎಂದು ಮೇಷ್ಟ್ರು ಯಾರನ್ನು ಕಾಯುತ್ತಿದ್ದರೆಂದು ತಿಳಿಯಲು ಪತ್ತೇದಾರನೇ ಬೇಕಿಲ್ಲ. ನಿಜ ಹೇಳಿದರೆ ಅವಳು ಮುಗಿದಳು. ಸುಳ್ಳು ಹೇಳಿದರೆ, ಆ ಯಂತ್ರದ ಉಸಿರಿನ ಪಕ್ಕ ಕೂತಿರುವ ತಾಯಿಗೆ ಎರಡನೇ ಸಲ ಸುಳ್ಳು ಹೇಳಿದಂತೆ. ಎತ್ತ ತಿರುಗಿದರೂ ಗೋಡೆ.

ಜೇಬಿನಲ್ಲಿ ಫೋನ್ ಅದುರಿತು. ಪುಟ್ಟಿ.

ಮೇಷ್ಟ್ರು ಬೇಡವೆಂದು ಕೈಯಾಡಿಸಿದರು. ನಾನು ಎತ್ತಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

“ಮಾಮ! ಒಪ್ಪಿದ್ರು ಮಾಮ! ಚೀಟಿ ನೋಡಿದ್ರು, ಆಸ್ಪತ್ರೆಗೆ ಫೋನ್ ಮಾಡಿ ಕೇಳಿದ್ರು, ನಿಮ್ಮ ಹೇಳಿಕೆ ಓದಿದ್ರು. ಅಪ್ಪನ ಹೆಸರಿನ ಮೇಲೆ ನನ್ನ ಕಣ್ಣೆದುರಿಗೇ ಗೆರೆ ಎಳೆದ್ರು!” ಅವಳಿಗೆ ಉಸಿರೇ ಸಾಲುತ್ತಿರಲಿಲ್ಲ. “ಅಪ್ಪನಿಗೆ ಎಷ್ಟು ಸಲ ಮಾಡಿದೆ, ಎತ್ತುತ್ತಲೇ ಇಲ್ಲ. ನೀವೇ ಹೋಗಿ ಹೇಳಿ ಮಾಮ.”

ಮೇಷ್ಟ್ರು ಬಾಯಿಗೆ ಅಂಗೈ ಒತ್ತಿ ಹಿಡಿದಿದ್ದರು.

“ಹೇಳ್ತೀನಮ್ಮ,” ಎಂದೆ.

“ಇನ್ನೊಂದೇ ಕೆಲಸ. ಆ ವಾರ ಆ ಮೆಷೀನ್ ಮುಂದೆ ಕೂತಿದ್ದು ಯಾರು ಅಂತ ಕೇಳ್ತಿದ್ದಾರೆ. ನಿಮಗೆ ಪತ್ತೆ ಆಗಿದ್ರೆ ಈಗಲೇ ಹೇಳಬೇಕಂತೆ, ನಾಲ್ಕಕ್ಕೆ ಮುಚ್ಚಿಬಿಡ್ತಾರೆ. ನೀವು ಫೋನಲ್ಲಿ ಹೇಳಿದ್ದನ್ನ ನಾನು ಬರೆದು ಸಹಿ ಹಾಕಿದ್ರೆ ಸಾಕಂತೆ, ನಾಳೆ ನೀವು ಬಂದು ಹೌದು ಅಂದ್ರೆ ಆಯ್ತು. ಪೆನ್ನು ಹಿಡ್ಕೊಂಡೇ ಕೂತಿದ್ದೀನಿ.”

ಗಡಿಯಾರದಲ್ಲಿ ನಾಲ್ಕಕ್ಕೆ ಆರು ನಿಮಿಷ ಇತ್ತು.

“ಮಾಮ? ಕೇಳಿಸ್ತಿದೆಯಾ? ಇಷ್ಟು ದಿನ ನಮ್ಮಪ್ಪ ಅನುಭವಿಸಿದ್ದನ್ನ ಅವ್ರೂ ಅನುಭವಿಸ್ಲಿ. ಯಾರೇ ಆಗಿರ್ಲಿ, ನಾನು ಬಿಡೋದಿಲ್ಲ. ಹೆಸರು ಹೇಳಿ.”

ಮೇಷ್ಟ್ರು ಮೇಜಿನ ಮೇಲಿಂದ ಕೈ ಚಾಚಿ ನನ್ನ ಮುಂಗೈ ಹಿಡಿದುಕೊಂಡರು.

“ಬರ್ಕೋಮ್ಮ,” ಎಂದೆ.